ರದ್ದಿಗೆ ಹೋಗುವ ಮೊದಲು ಒಂದು ಎಪಿಐ

ಸಾಂತಾಕ್ರೂಜ್ ಪೂರ್ವದ ವಾಕೋಲಾ, ಕಲೀನಾ, ಪ್ರಭಾತ್ ಕಾಲನಿ ಕಡೆ ಹಳೆಯ ಸೊಸೈಟಿಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಫ್ರಿಜ್ಜು, ಕಪಾಟು, ಪಾತ್ರೆಗಳಿಗೆ ಹೇಗೋ ಜಾಗ ಸಿಗುತ್ತದೆ. ಕನ್ನಡ ಪುಸ್ತಕಗಳಿಗೆ ಸಿಗುವುದಿಲ್ಲ. ಅಪ್ಪನೋ ಅಜ್ಜನೋ ಕೂಡಿಸಿಟ್ಟ ಪುಸ್ತಕಗಳು, ಸಂಘದ ಸ್ಮರಣ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು, ಹೊಲಿದಿಟ್ಟ ಮಾಸಪತ್ರಿಕೆಗಳು. ಮನೆಯ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಕೊನೆಗೆ ಎಲ್ಲವೂ ರದ್ದಿಯವನ ತಕ್ಕಡಿಗೆ ಏರುತ್ತವೆ.

ಎಲ್ಲ ಪುಸ್ತಕಗಳನ್ನೂ ನಾವು ಉಳಿಸಲಾರೆವು. ಆದರೆ ಯಾವ ಮನೆಯಲ್ಲಿ ಏನಿದೆ ಎಂಬ ಪಟ್ಟಿ ಇದ್ದರೆ ಬೇಕಾದವರು ಸಮಯಕ್ಕೆ ಸರಿಯಾಗಿ ಫೋನ್ ಮಾಡಬಹುದು. ಕಲೀನಾದಲ್ಲೇ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ; ಇಂಥ ಹಳೆಯ ಸಂಚಿಕೆಗಳನ್ನು ಹುಡುಕುವ ಸಂಶೋಧಕರಿಗೆ ಪಟ್ಟಿಯೇ ಅರ್ಧ ಕೆಲಸ. ನಾವು ಕೆಲವು ಗೆಳೆಯರು ಭಾನುವಾರಗಳಲ್ಲಿ ಮನೆಗಳಿಗೆ ಹೋಗಿ ಇಂಥ ಪಟ್ಟಿ ಮಾಡುತ್ತಿದ್ದೇವೆ. ಅದರ ಹಿಂದಿರುವ ಪುಟ್ಟ ವ್ಯವಸ್ಥೆ ಈ ಸಲದ ಅಂಕಣದ ವಿಷಯ. ನಿಮ್ಮ ಊರಿನ ಸಂಘಕ್ಕೂ ಇದನ್ನು ಎರಡು ವಾರಾಂತ್ಯಗಳಲ್ಲಿ ಕಟ್ಟಿಕೊಡಬಹುದು.

ಕೋಷ್ಟಕ ಸಾಲದೆ?

ಎಕ್ಸೆಲ್ ಹಾಳೆ ಸಾಕಲ್ಲ ಎಂಬುದು ಮೊದಲ ಪ್ರಶ್ನೆ. ಕಾದಂಬರಿಗಳಷ್ಟೇ ಇದ್ದಿದ್ದರೆ ಸಾಕಾಗುತ್ತಿತ್ತು. ಕಾದಂಬರಿಗೆ ಲೇಖಕ, ಪ್ರಕಾಶಕ, ವರ್ಷ ಇರುತ್ತದೆ. ಸ್ಮರಣ ಸಂಚಿಕೆಗೆ ಲೇಖಕನಿಲ್ಲ. ಸಂಘದ ಹೆಸರು, ಸಂದರ್ಭ, ಮೂವತ್ತು ಲೇಖನಗಳ ಪಟ್ಟಿ ಇರುತ್ತದೆ. ಯಕ್ಷಗಾನ ಪ್ರಸಂಗಕ್ಕೆ ಕವಿ ಇದ್ದಾನೆ, ಎಷ್ಟೋ ಸಲ ವರ್ಷ ಇಲ್ಲ. ಪತ್ರಿಕೆಗೆ ಸಂಪುಟ, ಸಂಚಿಕೆ ಬೇಕು. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುರುಕಿದರೆ ನಲವತ್ತು ಕಾಲಂಗಳಲ್ಲಿ ಮೂವತ್ತು ಖಾಲಿ ಬೀಳುತ್ತವೆ.

1970ರಲ್ಲಿ ಎಡ್ಗರ್ ಕಾಡ್ ಮುಂದಿಟ್ಟ ರಿಲೇಶನಲ್ ಪದ್ಧತಿಯಲ್ಲಿ ಇದನ್ನು ಹಲವು ಕೋಷ್ಟಕಗಳಾಗಿ ಒಡೆದು ಜೋಡಿಸಬಹುದು. ಬ್ಯಾಂಕಿನ ಲೆಕ್ಕಕ್ಕೆ ಇವತ್ತಿಗೂ ನಾನು ಅದನ್ನೇ ಆರಿಸುತ್ತೇನೆ. ಆದರೆ ಮುಂದಿನ ಮನೆಯ ಕಪಾಟಿನಲ್ಲಿ ಏನು ಸಿಗುತ್ತದೆ ಎಂದು ಗೊತ್ತಿಲ್ಲದ ನಮ್ಮ ಕೆಲಸಕ್ಕೆ ಡಾಕ್ಯುಮೆಂಟ್ ಡೇಟಾಬೇಸ್ ಹೆಚ್ಚು ಒಗ್ಗುತ್ತದೆ. ಇದರಲ್ಲಿ ಒಂದು ವಸ್ತುವಿನ ಎಲ್ಲ ವಿವರ ಒಂದೇ ಚೀಟಿಯಲ್ಲಿರುತ್ತದೆ, ಹಳೆಯ ಗ್ರಂಥಾಲಯಗಳ ಕಾರ್ಡಿನ ಹಾಗೆ. ಒಂದು ಕಾರ್ಡಿನಲ್ಲಿರುವ ವಿವರ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ.

ನಾವು ಬಳಸಿರುವುದು 2009ರಲ್ಲಿ ಹೊರಬಂದ ಮೊಂಗೋಡಿಬಿ. ನಮ್ಮ ಒಂದು ಕಾರ್ಡ್ ಹೀಗಿದೆ:

{
 "ಬಗೆ": "ಕಾದಂಬರಿ",
 "ಹೆಸರು": "ಶಿಕಾರಿ",
 "ಲೇಖಕರು": ["ಯಶವಂತ ಚಿತ್ತಾಲ"],
 "ವರ್ಷ": 1979,
 "ಸ್ಥಿತಿ": "ಬೆನ್ನು ಹರಿದಿದೆ",
 "ಮನೆ": "ಮ-07"
}

ಹೌದು, ಕ್ಷೇತ್ರಗಳ ಹೆಸರೂ ಕನ್ನಡದಲ್ಲೇ ಇರಬಹುದು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು ಸಾಕು. ಜಾಗ ಸಾಲದೆಂಬ ಭಯ ಬೇಡ. ಒಂದು ಕಾರ್ಡ್‌ಗೆ ಒಂದು ಕಿಲೋಬೈಟ್ ಹಿಡಿದರೂ ಐದು ಸಾವಿರ ಪುಸ್ತಕಕ್ಕೆ ಐದು ಮೆಗಾಬೈಟ್ ಆಯಿತು. ಮೊಂಗೋಡಿಬಿಯ ಉಚಿತ ಕ್ಲೌಡ್ ಖಾತೆಯಲ್ಲೇ 512 ಮೆಗಾಬೈಟ್ ಸಿಗುತ್ತದೆ.

ನಾಲ್ಕು ಬಾಗಿಲು

ಡೇಟಾಬೇಸನ್ನು ನೇರವಾಗಿ ಲೋಕಕ್ಕೆ ತೆರೆದಿಡಬಾರದು. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಅಳಿಸಿ, ಹಣ ಕೊಟ್ಟರೆ ಮರಳಿಸುತ್ತೇವೆಂದು ಚೀಟಿ ಬಿಟ್ಟು ಹೋಗಿದ್ದರು. ಹಾಗಾಗಿ ನಡುವೆ ಒಬ್ಬ ಕಾವಲುಗಾರ ಬೇಕು. ಅವನೇ ವೆಬ್ ಎಪಿಐ. ಫೋನಿನ ಆ್ಯಪ್ ಇರಲಿ, ಬ್ರೌಸರ್ ಇರಲಿ, ಎಲ್ಲರೂ ಅವನನ್ನೇ ಕೇಳಬೇಕು.

ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ರೆಸ್ಟ್ ಎಂಬ ಪದ್ಧತಿಯನ್ನು ಅನುಸರಿಸಿದರೆ ಕೆಲಸ ಸರಳ. "ಪುಸ್ತಕಗಳು" ಎಂಬ ಒಂದು ವಿಳಾಸ, ಅದಕ್ಕೆ ನಾಲ್ಕು ಬಗೆಯ ಕೋರಿಕೆ. ಗೆಟ್ ಎಂದರೆ ತೋರಿಸು, ಪೋಸ್ಟ್ ಎಂದರೆ ಹೊಸತು ಸೇರಿಸು, ಪ್ಯಾಚ್ ಎಂದರೆ ತಿದ್ದು, ಡಿಲೀಟ್ ಎಂದರೆ ತೆಗೆ. ಉತ್ತರದ ಜೊತೆ ಒಂದು ಅಂಕಿ ಬರುತ್ತದೆ: 200 ಎಂದರೆ ಸರಿ, 201 ಎಂದರೆ ಸೇರಿತು, 400 ಎಂದರೆ ಕೋರಿಕೆಯೇ ಸರಿಯಿಲ್ಲ, 404 ಎಂದರೆ ಅಂಥದ್ದು ಇಲ್ಲ. ನೋಡ್ ಮತ್ತು ಎಕ್ಸ್‌ಪ್ರೆಸ್ ಬಲ್ಲವರಿಗೆ ಇದು ನೂರೈವತ್ತು ಸಾಲಿನ ಕೆಲಸ. ಪೈಥಾನ್ ಬಲ್ಲವರು ಫ್ಲಾಸ್ಕ್‌ನಲ್ಲಿ ಬರೆಯಿರಿ, ವ್ಯತ್ಯಾಸವಿಲ್ಲ.

ಒಂದು ಕಿವಿಮಾತು. ವಿಳಾಸವನ್ನೂ ಕನ್ನಡದಲ್ಲಿ ಬರೆಯಲು ಮನಸ್ಸಾಗುತ್ತದೆ, ಬರೆಯಲೂಬಹುದು. ಆದರೆ ವಾಟ್ಸ್ಆ್ಯಪಿನಲ್ಲಿ ಹಂಚುವಾಗ ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳ ಬಾಲವಾಗಿಬಿಡಬಹುದು. ವಿಳಾಸ ಚಿಕ್ಕ ಇಂಗ್ಲಿಷ್ ಪದದಲ್ಲಿರಲಿ, ಒಳಗಿನದ್ದೆಲ್ಲ ಕನ್ನಡದಲ್ಲಿರಲಿ.

ಚೋಮನಿಗೆ ಎರಡು ರೂಪ

ಇಲ್ಲಿಯವರೆಗಿನದು ಯಾವ ಇಂಗ್ಲಿಷ್ ಪಾಠದಲ್ಲೂ ಸಿಗುತ್ತದೆ. ಕನ್ನಡದ ಕೆಲಸದಲ್ಲಿ ಎದುರಾಗುವ ತೊಡಕು ಬೇರೆ.

ಯೂನಿಕೋಡಿನಲ್ಲಿ "ಚೋಮನ ದುಡಿ"ಯ "ಚೋ" ಅಕ್ಷರವನ್ನು ಎರಡು ರೀತಿ ಬರೆಯಬಹುದು. ಚ-ಕಾರಕ್ಕೆ ಓಕಾರದ ಒಂದೇ ಚಿಹ್ನೆ ಸೇರಿಸಬಹುದು. ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಚಿಹ್ನೆ ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ; ಕಂಪ್ಯೂಟರಿಗೆ ಮಾತ್ರ ಎರಡು ಬೇರೆ ಪದಗಳು. ಪುಸ್ತಕ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ 404 ಬರುತ್ತದೆ. ಪರಿಹಾರ ಒಂದೇ ಸಾಲಿನದು: ಒಳಗೆ ಬರುವ ಪ್ರತಿ ಪಠ್ಯವನ್ನೂ, ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ರೂಪಕ್ಕೆ ನಾರ್ಮಲೈಸ್ ಮಾಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತಗಳಿದ್ದರೆ ಅವನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಎರಡನೆಯದು ವಿಭಕ್ತಿ. ಮೊಂಗೋಡಿಬಿಯ ಪಠ್ಯ ಹುಡುಕಾಟಕ್ಕೆ ಇಂಗ್ಲಿಷ್, ಫ್ರೆಂಚ್ ಮುಂತಾದ ಕೆಲವು ಭಾಷೆಗಳ ವ್ಯಾಕರಣ ಗೊತ್ತು, ಕನ್ನಡದ್ದು ಗೊತ್ತಿಲ್ಲ. "ಮಣ್ಣು" ಎಂದು ಹುಡುಕಿದವರಿಗೆ ಕಾರಂತರ "ಮರಳಿ ಮಣ್ಣಿಗೆ" ಸಿಗುವುದಿಲ್ಲ. ನಾವು ಮಾಡಿದ ಉಪಾಯ ಇಷ್ಟೆ. ಹೆಸರಿನ ಪದಗಳನ್ನು ಬಿಡಿಸಿ ಪ್ರತ್ಯೇಕ ಪಟ್ಟಿಯಾಗಿ ಕಾರ್ಡಿನಲ್ಲೇ ಇಟ್ಟು ಅದಕ್ಕೆ ಇಂಡೆಕ್ಸ್ ಹಾಕಿದೆವು. ಹುಡುಕುವ ಪದದ ಕೊನೆಯ ಸ್ವರಚಿಹ್ನೆಯನ್ನು ಕಳಚಿ, ಉಳಿದದ್ದರಿಂದ ಆರಂಭವಾಗುವ ಪದಗಳನ್ನೆಲ್ಲ ಕೇಳುತ್ತೇವೆ. "ಮಣ್ಣು" ಹೋಗಿ "ಮಣ್ಣ" ಆಗುತ್ತದೆ, "ಮಣ್ಣಿಗೆ" ಸಿಕ್ಕುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಒಪ್ಪಲಾರರು, ಒಂದೆರಡು ಬೇಡದ ಪುಸ್ತಕಗಳೂ ಬರುತ್ತವೆ. ಪುಸ್ತಕ ಸಿಗದಿರುವುದಕ್ಕಿಂತ ಅದು ವಾಸಿ. ಅಕಾರಾದಿ ಕ್ರಮಕ್ಕೆ ಮಾತ್ರ ಈ ಕಷ್ಟವಿಲ್ಲ. ಕನ್ನಡದ ಕೊಲೇಶನ್ ಮೊಂಗೋಡಿಬಿಯಲ್ಲಿ ಸಿದ್ಧವಿದೆ.

ಮನೆಯ ಗುಟ್ಟು

ಕಾರ್ಡಿನಲ್ಲಿ "ಮ-07" ಎಂದಷ್ಟೇ ಇರುವುದನ್ನು ನೀವು ಗಮನಿಸಿರಬಹುದು. ಒಂಟಿಯಾಗಿರುವ ಹಿರಿಯರ ಹೆಸರು, ಫೋನು, ಫ್ಲಾಟ್ ನಂಬರು ಬೇರೆ ಸಂಗ್ರಹದಲ್ಲಿವೆ. ಸಾರ್ವಜನಿಕ ಎಪಿಐ ಅತ್ತ ಹೋಗುವುದೇ ಇಲ್ಲ. ಪುಸ್ತಕ ಬೇಕಾದವರು ಕೋರಿಕೆ ಕಳಿಸಿದರೆ ನಮ್ಮಲ್ಲೊಬ್ಬರು ಆ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲಷ್ಟೇ ಸಂಪರ್ಕ ಕಲ್ಪಿಸುತ್ತಾರೆ. ಡಾಕ್ಯುಮೆಂಟ್ ಡೇಟಾಬೇಸಿನಲ್ಲಿ ಎಲ್ಲವನ್ನೂ ಒಂದೇ ಕಾರ್ಡಿಗೆ ಸೇರಿಸುವುದು ಸುಲಭ. ಏನನ್ನು ಸೇರಿಸಬಾರದೆಂದು ತೀರ್ಮಾನಿಸುವುದೇ ವಿನ್ಯಾಸದ ಮುಖ್ಯ ಭಾಗ.

ಸ್ವಾತಂತ್ರ್ಯಕ್ಕೂ ಮಿತಿ ಬೇಕು. ಒಬ್ಬರು "ವರ್ಷ" ಎಂದೂ ಇನ್ನೊಬ್ಬರು "ಇಸವಿ" ಎಂದೂ ಬರೆದರೆ ಆರು ತಿಂಗಳಲ್ಲಿ ಪಟ್ಟಿಯೇ ರದ್ದಿಯಾಗುತ್ತದೆ. ಬಗೆ, ಹೆಸರು, ಮನೆ ಈ ಮೂರು ಕಡ್ಡಾಯ. ವರ್ಷ ಇದ್ದರೆ ಅಂಕಿಯೇ ಆಗಿರಬೇಕು. ಒಪ್ಪಿದ ಹೆಸರುಗಳ ಹೊರಗಿನ ಕ್ಷೇತ್ರ ಬಂದರೆ ತಿರಸ್ಕರಿಸಬೇಕು. ಈ ನಿಯಮಗಳನ್ನು ಡೇಟಾಬೇಸಿಗೇ ಹೇಳಿಡಬಹುದು. ಹೊಸ ಬಗೆಯ ವಸ್ತು ಸಿಕ್ಕಾಗ ಎಲ್ಲರೂ ಕೂತು ಒಂದು ಕ್ಷೇತ್ರ ಸೇರಿಸಿದರಾಯಿತು.

ಕೊನೆಯದಾಗಿ, ಪಟ್ಟಿಯನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಒಂದು ಬಾಗಿಲನ್ನು ತಪ್ಪದೆ ಇಡಿ. ಉಚಿತ ಖಾತೆಗಳು ನಿಲ್ಲುತ್ತವೆ, ಉತ್ಸಾಹಿಗಳು ಬೆಂಗಳೂರಿಗೋ ಡಲ್ಲಾಸ್‌ಗೋ ವರ್ಗವಾಗುತ್ತಾರೆ. ಜೇಸನ್ ಕಡತ ಬರಿಯ ಪಠ್ಯ. ಡೇಟಾಬೇಸ್ ಇಲ್ಲದಿದ್ದರೂ ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ನಾವು ತಿಂಗಳಿಗೊಮ್ಮೆ ಅದನ್ನು ಐದು ಜನರಿಗೆ ಮೇಲ್ ಮಾಡುತ್ತೇವೆ. ಅವರಲ್ಲಿ ಇಬ್ಬರಿಗೆ ಕಂಪ್ಯೂಟರಿನ ಕೆಲಸವೇನೂ ಬಾರದು, ಆದರೆ ಕಡತ ಜೋಪಾನವಾಗಿಡುವುದು ಚೆನ್ನಾಗಿ ಗೊತ್ತು.

ಮುಂದಿನ ಕಂತಿನಲ್ಲಿ, ಪುಸ್ತಕದ ಮುಖಪುಟವನ್ನು ಫೋನಿನಲ್ಲಿ ತೆಗೆದು ಕಾರ್ಡಿಗೆ ಜೋಡಿಸುವ ಬಗೆ ನೋಡೋಣ. ಅಷ್ಟರೊಳಗೆ ನಿಮ್ಮ ಮನೆಯ ಕಪಾಟಿನಿಂದಲೇ ಹತ್ತು ಕಾರ್ಡ್ ಬರೆದಿಡಿ. ಎಪಿಐ ಆಮೇಲೆ ಕಟ್ಟಿದರೂ ನಡೆಯುತ್ತದೆ.