ಬ್ಯಾಟರ್ ಬದುಕು ಇನ್ನೂ ದಿನಗೂಲಿ

ಹುಬ್ಬಳ್ಳಿಯ ಗೋಪನಕೊಪ್ಪದ ಹುಡುಗ ಬ್ಯಾಟ್ ಹಿಡಿದೇ ಬದುಕುತ್ತೇನೆಂದರೆ ಮನೆಯವರು ‘ಹೊಟ್ಟಿಗೇನ್ ಮಾಡ್ತಿ?’ ಎಂದೇ ಕೇಳುತ್ತಾರೆ. ಐಪಿಎಲ್ ಹರಾಜಿನ ಕೋಟಿಗಳ ನಡುವೆ ಅದು ಓಬೀರಾಯನ ಕಾಲದ ಪ್ರಶ್ನೆಯಂತೆ ಕೇಳಬಹುದು. ಲೆಕ್ಕ ಹಾಕಿದರೆ ಮನೆಯವರೇ ಸರಿ.

2025ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಚಂಡೀಗಡ ವಿರುದ್ಧ ಕರ್ನಾಟಕದ ರಣಜಿ ಪಂದ್ಯ. ಆರ್. ಸ್ಮರಣ್ ಔಟಾಗದೆ 227 ಹೊಡೆದರು. ಅದೇ ಇನಿಂಗ್ಸ್‌ನಲ್ಲಿ ಕರುಣ್ ನಾಯರ್ 95ಕ್ಕೆ ಔಟಾದರು. ವೃತ್ತಿಪರ ಬ್ಯಾಟರ್‌ನ ಪಾಡು ತಿಳಿಯಬೇಕಾದರೆ ಕರುಣ್ ಅವರ ದಾರಿಯನ್ನೇ ನೋಡಬೇಕು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಸೆಹ್ವಾಗ್ ಬಿಟ್ಟರೆ ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ ಭಾರತೀಯ ಇವರೊಬ್ಬರೇ. ಆದರೂ ಮುಂದಿನ ಟೆಸ್ಟ್‌ನಲ್ಲೇ ಜಾಗವಿಲ್ಲ. ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿದ್ದರು. ಆಮೇಲೆ ಆಸ್ಟ್ರೇಲಿಯಾ ವಿರುದ್ಧ 26, 0, 23, 5. ನಾಲ್ಕೇ ಇನಿಂಗ್ಸ್, ಬಾಗಿಲು ಬಂದ್. 2018ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರೂ ಆಡಿಸಲಿಲ್ಲ.

ಕೊನೆಗೆ ಕರ್ನಾಟಕ ತಂಡವೂ ಕೈಬಿಟ್ಟಿತು. ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಗಳಿಸಿದ ಮೇಲೆಯೇ ಟೆಸ್ಟ್ ತಂಡದ ಕದ ಮತ್ತೆ ತೆರೆದದ್ದು. ಅದೂ ಒಂದೇ ಸರಣಿಗೆ. ಹುಬ್ಬಳ್ಳಿಯ ಆ 95 ಕರ್ನಾಟಕಕ್ಕೆ ಮರಳಿ ಬಂದ ಮೇಲಿನದು.

ಬೌಲರ್‌ಗೆ ಕೆಟ್ಟ ಎಸೆತದ ಹಿಂದೆ ಇನ್ನೊಂದು ಎಸೆತವಿರುತ್ತದೆ. ಗದಗಿನಿಂದ ರೈಲು ಹತ್ತಿ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬರುತ್ತಿದ್ದ ಸುನಿಲ್ ಜೋಶಿ ಅವರಿಗೆ ಎರಡು ವಿದ್ಯೆಗಳಿದ್ದವು: 2000ದ ಢಾಕಾ ಟೆಸ್ಟ್‌ನಲ್ಲಿ ವಿಕೆಟ್‌ಗಳ ಜತೆಗೆ 92 ರನ್ನೂ ಅವರದೇ. ಬರೀ ಬ್ಯಾಟರ್‌ಗೆ ಒಂದು ತಪ್ಪು ಸಾಕು, ದಿನವಿಡೀ ಪೆವಿಲಿಯನ್‌ನಲ್ಲಿ ಕೂರಬೇಕು.

ಇಷ್ಟು ಅಸ್ಥಿರವಾದ ಕಸುಬಿಗೆ ಕ್ರಿಕೆಟ್ ಮಂಡಳಿ ಸಂಭಾವನೆ ಕೊಡುತ್ತಿರುವುದು ದಿನದ ಲೆಕ್ಕದಲ್ಲಿ. 2021–22ರಿಂದ ಜಾರಿಗೆ ಬಂದ ದರದಂತೆ, 20ರೊಳಗೆ ಪಂದ್ಯ ಆಡಿದವನಿಗೆ ದಿನಕ್ಕೆ ₹40,000, 40 ದಾಟಿದವನಿಗೆ ₹60,000. ಏಳು ಲೀಗ್ ಪಂದ್ಯಗಳ 28 ದಿನಕ್ಕೆ ಹೊಸಬನಿಗೆ ₹11.20 ಲಕ್ಷ. ಸಣ್ಣ ಮೊತ್ತವೇನಲ್ಲ, ಒಪ್ಪೋಣ. ಆದರೆ ಹನ್ನೊಂದರ ಬಳಗದಿಂದ ಹೊರಗುಳಿದರೆ ಅದರರ್ಧ. ತಂಡದಲ್ಲೇ ಇಲ್ಲದಿದ್ದರೆ ಸೊನ್ನೆ. ಎರಡು ಸಲ ಸೊನ್ನೆ ಸುತ್ತಿದವನ ಮುಂದಿನ ತಿಂಗಳ ಆದಾಯ ಆಯ್ಕೆದಾರರ ಕೈಯಲ್ಲಿರುತ್ತದೆ. ಅವರು ಕಾರಣ ಹೇಳಬೇಕೆಂಬ ಕಟ್ಟುಪಾಡೂ ಇಲ್ಲ.

ಹುಬ್ಬಳ್ಳಿ ಟೈಗರ್ಸ್ 2023ರ ಮಹಾರಾಜ ಟ್ರೋಫಿ ಗೆದ್ದಾಗ ಊರು ಹೆಮ್ಮೆಪಟ್ಟಿತು. ಆ ಟೂರ್ನಿ ಮಾತ್ರ ಬೆಂಗಳೂರು, ಮೈಸೂರು ಬಿಟ್ಟು ಇತ್ತ ಬಂದಿಲ್ಲ. ಇಲ್ಲಿನ ಹುಡುಗ ಆಯ್ಕೆದಾರರ ಕಣ್ಣಿಗೆ ಬೀಳಬೇಕಾದರೆ ಬೆಂಗಳೂರಿನಲ್ಲಿ ಕೋಣೆ ಹಿಡಿದೇ ಆಡಬೇಕು. ಆ ಖರ್ಚು ಮೊದಲ ಸಂಭಾವನೆಗಿಂತ ಎಷ್ಟೋ ವರ್ಷ ಮುಂಚೆಯೇ ಶುರುವಾಗುತ್ತದೆ.

ರಾಜ್ಯ ಕ್ರಿಕೆಟ್ ಸಂಸ್ಥೆ ರಣಜಿ ಸಂಭಾವ್ಯರಿಗಾದರೂ ವರ್ಷದ ಒಪ್ಪಂದ ಕೊಡಲಿ. ಕೈಬಿಟ್ಟವನಿಗೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಲಿ.