ಸೂತ್ರಕ್ಕೆ ಸಂದರ್ಭ ಬೇಡವೇ?

ಪಿಯುಸಿಯಲ್ಲಿ ವಿಜ್ಞಾನ ಓದಿದ ಯಾರನ್ನಾದರೂ ನಡುರಾತ್ರಿ ತಟ್ಟಿ ಎಬ್ಬಿಸಿ, ‘ವಿದ್ಯುತ್ ಹರಿಯುವ ಉದ್ದನೆಯ ನೇರ ತಂತಿಯ ಸುತ್ತ ಕಾಂತಕ್ಷೇತ್ರ ಎಷ್ಟು?’ ಎಂದು ಕೇಳಿ. ಕಣ್ಣುಜ್ಜಿಕೊಳ್ಳುತ್ತಲೇ ‘ಮ್ಯೂ ನಾಟ್ ಐ ಬೈ ಟೂ ಪೈ ಆರ್’ ಎನ್ನುತ್ತಾರೆ. ಹಾಗಂದರೇನು ಎಂದು ಮರುಪ್ರಶ್ನೆ ಹಾಕಿ. ಮಗ್ಗುಲು ಬದಲಿಸಿ ಮಲಗುತ್ತಾರೆ.

ಅವರನ್ನು ದೂರುವುದು ಸುಲಭ. ಆದರೆ ನನ್ನ ಜಗಳ ಅವರ ಜೊತೆಗಲ್ಲ, ಆ ಸೂತ್ರವನ್ನು ಪ್ರಸಾದದ ಹಾಗೆ ಅವರ ಕೈಗಿಟ್ಟು ‘ಕಣ್ಣಿಗೊತ್ತಿಕೊಂಡು ನುಂಗು’ ಎಂದವರ ಜೊತೆ.

ಅದೇ ವಿದ್ಯಾರ್ಥಿ ಕನ್ನಡದ ಪರೀಕ್ಷೆಗೆ ಕೂತಾಗ ಅವನಿಗೊಂದು ಹಳೆಯ ಪ್ರಶ್ನೆ ಕಾದಿರುತ್ತದೆ: ‘ಸಂದರ್ಭದೊಂದಿಗೆ ಸ್ವಾರಸ್ಯವನ್ನು ವಿವರಿಸಿ.’ ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು? ಇದರಲ್ಲಿ ರುಚಿಸುವಂಥದ್ದು ಏನಿದೆ? ಈ ಪ್ರಶ್ನೆಯನ್ನು ನಾವೆಲ್ಲ ಬೈದುಕೊಂಡೇ ಬರೆದವರು. ಆದರೂ ಅದರೊಳಗೆ ಒಂದು ಮರ್ಯಾದೆ ಇದೆ. ಯಾವ ಮಾತೂ ಆಕಾಶದಿಂದ ಉದುರುವುದಿಲ್ಲ, ಯಾರೋ ಯಾವುದೋ ಇಕ್ಕಟ್ಟಿನಲ್ಲಿ ಆಡಿದ್ದು ಎಂಬ ತಿಳಿವಳಿಕೆ ಇದೆ. ಎರಡು ದಿನ ಬಿಟ್ಟು ಅದೇ ಕೊಠಡಿಯಲ್ಲಿ ಭೌತವಿಜ್ಞಾನದ ಪರೀಕ್ಷೆ ನಡೆಯುವಾಗ ಈ ಮರ್ಯಾದೆ ಎಲ್ಲಿ ಹೋಗುತ್ತದೆ? ನಾನು ಕೆಲವು ವರ್ಷಗಳಿಂದ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನನ್ನ ವಾದ ಇಷ್ಟೇ: ಸಂದರ್ಭ, ಸ್ವಾರಸ್ಯ ಎರಡನ್ನೂ ಕೇಳದೆ ಸೂತ್ರ ಕಲಿಸುವುದಕ್ಕೆ ವಿಜ್ಞಾನ ಬೋಧನೆ ಎಂಬ ಹೆಸರು ಸಲ್ಲದು. ಅದು ಬಾಯಿಪಾಠ.

ಮೊದಲು ಸಂದರ್ಭ. 1820ರ ಜುಲೈನಲ್ಲಿ ಕೋಪನ್‌ಹೇಗನ್ನಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಒಂದು ಪುಟ್ಟ ಲ್ಯಾಟಿನ್ ಬರಹ ಪ್ರಕಟಿಸಿದ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುತ್ತದೆ ಎಂಬುದು ಅದರ ಸಾರ. ಆಗ ಗೊತ್ತಿದ್ದ ಬಲಗಳೆಲ್ಲ ನೇರವಾಗಿ ಎಳೆಯುತ್ತಿದ್ದವು, ಇಲ್ಲವೇ ನೂಕುತ್ತಿದ್ದವು. ಇದೊಂದು ಮಾತ್ರ ತಂತಿಯನ್ನು ಪ್ರದಕ್ಷಿಣೆ ಹಾಕುತ್ತಿತ್ತು. ಸುದ್ದಿ ಪ್ಯಾರಿಸ್ಸಿಗೆ ತಲುಪಿದ್ದೇ ತಡ, ಅಲ್ಲಿ ಜಗಳ ಶುರುವಾಯಿತು. ಕಾಂತತೆಯೆಂದರೆ ಮೂಲತಃ ವಿದ್ಯುತ್ ಪ್ರವಾಹವೇ ಎಂದು ಆಂಪೇರ್ ಹಟ ಹಿಡಿದ. ಬಯೋ ಒಪ್ಪಲಿಲ್ಲ. ಅದೇ ಅಕ್ಟೋಬರ್ ಕೊನೆಯ ಹೊತ್ತಿಗೆ ಬಯೋ ಮತ್ತು ಸಾವರ್ ಅಳತೆ ಮುಗಿಸಿದ್ದರು. ತಂತಿಯ ಹತ್ತಿರ ಒಂದು ಕಾಂತದ ಸೂಜಿಯನ್ನು ರೇಷ್ಮೆ ಎಳೆಯಿಂದ ತೂಗುಬಿಟ್ಟು, ಅದು ಎಷ್ಟು ಬೇಗ ಓಲಾಡುತ್ತದೆ ಎಂದು ಗಡಿಯಾರ ಹಿಡಿದು ನೋಡಿದ್ದರು. ಕ್ಷೇತ್ರ ಬಲವಾದಷ್ಟೂ ಓಲಾಟ ಚುರುಕು. ದೂರ ಎರಡರಷ್ಟಾದರೆ ಕ್ಷೇತ್ರ ಅರ್ಧವಾಗುತ್ತದೆ ಎಂದು ಕಂಡಿತು.

ಇಲ್ಲೊಂದು ತಮಾಷೆ ಇದೆ. ನಮ್ಮ ಪಠ್ಯಪುಸ್ತಕ ತಂತಿಯ ಸಣ್ಣದೊಂದು ತುಣುಕಿನಿಂದ ಶುರುಮಾಡುತ್ತದೆ. ತುಣುಕಿನ ಪ್ರಭಾವ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಘೋಷಿಸಿ, ತುಣುಕುಗಳನ್ನೆಲ್ಲ ಕೂಡಿಸಿ ಇಡೀ ತಂತಿಗೆ ಬರುತ್ತದೆ. ನಡೆದದ್ದು ತಿರುಗಾಮುರುಗಾ. ಅಳೆದದ್ದು ಇಡೀ ತಂತಿಯನ್ನು. ಅದರಿಂದ ಹಿಂದಕ್ಕೆ ತರ್ಕಿಸಿ ತುಣುಕಿನ ನಿಯಮವನ್ನು ಊಹಿಸಿಕೊಟ್ಟವನು ಲಾಪ್ಲಾಸ್. ಒಂದೇ ಸಮ ಹರಿಯುವ ಪ್ರವಾಹದಿಂದ ತುಣುಕೊಂದನ್ನು ಕತ್ತರಿಸಿ ಮೇಜಿನ ಮೇಲಿಟ್ಟು ಅಳೆಯುವಂತಿಲ್ಲವಲ್ಲ! ಇನ್ನು, ಆಂಪೇರನ ಹೆಸರಿನಲ್ಲಿ ಕಲಿಸುವ ಮಂಡಲ ನಿಯಮವನ್ನು ಆ ರೂಪಕ್ಕೆ ತಂದವನು ಮ್ಯಾಕ್ಸ್‌ವೆಲ್. ಇಷ್ಟು ಜನ, ಇಷ್ಟು ತಕರಾರು, ಒಂದು ರೇಷ್ಮೆ ಎಳೆ. ಎಲ್ಲವನ್ನೂ ಸೋಸಿ ಎಸೆದು ಐದು ಅಂಕದ ಒಂದು ನಿರೂಪಣೆಯನ್ನು ಉಳಿಸಿಕೊಂಡಿದ್ದೇವೆ.

ಇನ್ನು ಸ್ವಾರಸ್ಯ. ತಂತಿಯ ಸುತ್ತ ಒಂದು ವೃತ್ತ ಎಳೆದುಕೊಳ್ಳಿ. ಉದ್ದನೆಯ ನೇರ ತಂತಿಗೆ ಎಡವೂ ಒಂದೇ, ಬಲವೂ ಒಂದೇ. ಒಂದು ಪಕ್ಕಕ್ಕೆ ಪಕ್ಷಪಾತ ಮಾಡಲು ಅದಕ್ಕೆ ಕಾರಣವಿಲ್ಲ. ಹಾಗಾಗಿ ವೃತ್ತದ ಉದ್ದಕ್ಕೂ ಕ್ಷೇತ್ರದ ಬಲ ಒಂದೇ ಇರಬೇಕು. ಮಂಡಲ ನಿಯಮ ಹೇಳುವುದು ಇಷ್ಟು: ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಆ ಬಲವನ್ನು ವೃತ್ತದ ಸುತ್ತಳತೆಯಿಂದ ಗುಣಿಸಿದರೆ ಬರುವ ಮೊತ್ತ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಒಳಗೆ ಹರಿಯುವ ಪ್ರವಾಹ ಮಾತ್ರ. ಬುಟ್ಟಿಯಲ್ಲಿರುವ ಹೂವು ಅಷ್ಟೇ, ದಾರ ಮಾತ್ರ ಉದ್ದವಾಗುತ್ತಾ ಹೋದರೆ ಮಾಲೆ ತೆಳುವಾಗುತ್ತದಲ್ಲ, ಹಾಗೆ. ದೂರ ಇಮ್ಮಡಿಯಾದರೆ ಸುತ್ತಳತೆಯೂ ಇಮ್ಮಡಿ, ಕ್ಷೇತ್ರ ಅರ್ಧ. ಆ ‘ಟೂ ಪೈ ಆರ್’ ಮತ್ತೇನೂ ಅಲ್ಲ, ದಾರದ ಉದ್ದ. ಇದನ್ನು ಹೇಳಲು ಎರಡು ನಿಮಿಷ ಸಾಕು. ಮಾಲೆ ಕಟ್ಟಿದ ಕೈಗೆ ಇದು ಮರೆಯುವುದೂ ಇಲ್ಲ.

ಲೆಕ್ಕವನ್ನೂ ಮಾಡೋಣ. ಆ ಸ್ಥಿರಾಂಕ, ನಾಲ್ಕು ಪೈ ಗುಣಿಸು ಹತ್ತರ ಘಾತ ಮೈನಸ್ ಏಳು, ಎಲ್ಲಿಂದ ಬಂತು ಎಂದು ಕೇಳುವ ಮಗುವಿಗೆ ‘ಬರೆದುಕೋ’ ಎಂಬುದೇ ಉತ್ತರ. ನಿಜವಾದ ಉತ್ತರ ಸ್ವಾರಸ್ಯವಾಗಿದೆ: ಆಂಪಿಯರ್ ಎಂಬ ಮಾನವನ್ನು ಮನುಷ್ಯರು ಹಾಗೆ ಗೊತ್ತುಮಾಡಿಕೊಂಡಿದ್ದರಿಂದ ಆ ಸಂಖ್ಯೆ ಬಂತು. 2019ರ ಮೇ ತಿಂಗಳಲ್ಲಿ ಮಾನಗಳ ವ್ಯಾಖ್ಯೆ ಬದಲಾದ ಮೇಲೆ ಅದು ಅಳೆದು ತಿಳಿಯಬೇಕಾದ ಸಂಖ್ಯೆಯಾಗಿದೆ. ನಮ್ಮ ಲೆಕ್ಕಕ್ಕೆ ತಾಗುವಷ್ಟು ವ್ಯತ್ಯಾಸ ಆಗಿಲ್ಲ. ಅದನ್ನೆಲ್ಲ ಒಳಗೆ ಸೇರಿಸಿದರೆ ಸಿಗುವ ಮನೆಲೆಕ್ಕ ಇದು: ಆಂಪಿಯರನ್ನು 20ರಿಂದ ಗುಣಿಸಿ, ದೂರದ ಸೆಂಟಿಮೀಟರಿನಿಂದ ಭಾಗಿಸಿ. ಉತ್ತರ ಮೈಕ್ರೋಟೆಸ್ಲಾದಲ್ಲಿ ಬರುತ್ತದೆ. ಒಂದು ಆಂಪಿಯರ್, ಒಂದು ಸೆಂಟಿಮೀಟರ್: 20 ಮೈಕ್ರೋಟೆಸ್ಲಾ.

ಇದು ಹೆಚ್ಚೋ ಕಡಿಮೆಯೋ? ಹೋಲಿಸಲು ಭೂಮಿಯೇ ಇದೆ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅದೂ ಬಹುಮಟ್ಟಿಗೆ ನೆಲಕ್ಕೆ ಸಮಾಂತರ. 12 ವೋಲ್ಟಿನ ಬೈಕ್ ಬ್ಯಾಟರಿಗೆ 10 ವ್ಯಾಟಿನ ಇಂಡಿಕೇಟರ್ ಬಲ್ಬು ಜೋಡಿಸಿದರೆ ಸುಮಾರು 0.8 ಆಂಪಿಯರ್ ಹರಿಯುತ್ತದೆ. ತಂತಿಯನ್ನು ಉತ್ತರ–ದಕ್ಷಿಣವಾಗಿ ಬಿಗಿದು, ಮುಳ್ಳಿಗಿಂತ ಒಂದು ಸೆಂಟಿಮೀಟರ್ ಮೇಲಿಟ್ಟರೆ ಮುಳ್ಳು 22 ಡಿಗ್ರಿಯ ಆಸುಪಾಸು ಹೊರಳಬೇಕು. ಎರಡು ಸೆಂಟಿಮೀಟರ್ ಮೇಲಿಟ್ಟರೆ 11–12 ಡಿಗ್ರಿ. ಬ್ಯಾಟರಿ, ಬಲ್ಬು, ವಾಪಸು ಹೋಗುವ ತಂತಿ ಇವನ್ನು ದೂರವಿಟ್ಟುಕೊಂಡರಾಯಿತು. ಇಷ್ಟಕ್ಕೆ ಪ್ರಯೋಗಾಲಯವೇ ಬೇಕಿಲ್ಲ. ಆದರೂ ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರು ದಿಕ್ಸೂಚಿಯನ್ನು ಮುಟ್ಟಿದವರಲ್ಲ. ಬಲಗೈ ಹೆಬ್ಬೆರಳನ್ನು ಮಾತ್ರ ಚೆನ್ನಾಗಿ ಎತ್ತಿ ತೋರಿಸುತ್ತಾರೆ.

ಸಂದರ್ಭ ತಿಳಿಯದೆ ಬಳಸಿದರೆ ಸೂತ್ರ ಸುಳ್ಳೂ ಹೇಳುತ್ತದೆ. ಅದು ಕೊನೆಯೇ ಇಲ್ಲದ ತಂತಿಯ ಸೂತ್ರ. ಅಂಥ ತಂತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 20 ಸೆಂಟಿಮೀಟರ್ ಉದ್ದದ ತುಂಡಿನ ನಡುಭಾಗದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಸೂತ್ರದ ಉತ್ತರಕ್ಕೂ ಆ ತುಂಡಿನ ನಿಜವಾದ ಪಾಲಿಗೂ ಶೇಕಡಾ ಅರ್ಧದಷ್ಟು ಅಂತರ. ಹತ್ತು ಸೆಂಟಿಮೀಟರ್ ದೂರ ಹೋದರೆ ಆ ಪಾಲು ಸೂತ್ರ ಹೇಳಿದ್ದಕ್ಕಿಂತ ಶೇಕಡಾ 30ರಷ್ಟು ಕಡಿಮೆ. ‘ತಂತಿ ಎಷ್ಟು ಉದ್ದ ಇದ್ದರೆ ಇದನ್ನು ಬಳಸಬಹುದು?’ ಎಂಬ ಪ್ರಶ್ನೆ ವಿಜ್ಞಾನದ್ದು. ‘ಬೆಲೆಗಳನ್ನು ಆದೇಶಿಸಿ’ ಎಂಬುದು ಗುಮಾಸ್ತಿಕೆ.

ಮನೆಯ ಇಸ್ತ್ರಿಪೆಟ್ಟಿಗೆಯ ವಯರನ್ನೇ ನೋಡಿ. ಒಳಗೆ ಹೋಗುವ ತಂತಿ, ಬರುವ ತಂತಿ ಪಕ್ಕಪಕ್ಕದಲ್ಲಿವೆ, ಪ್ರವಾಹಗಳು ಎದುರುಬದುರು. ಎರಡರ ಕ್ಷೇತ್ರಗಳೂ ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುತ್ತವೆ. ಇದನ್ನು ನಮ್ಮೂರಿನ ಎಲೆಕ್ಟ್ರಿಷಿಯನ್ ಬಲ್ಲ. ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಅವನು ಒಂದೇ ತಂತಿಯನ್ನು ಹಿಡಿಯುತ್ತಾನೆ. ಎರಡನ್ನೂ ಸೇರಿಸಿ ಹಿಡಿದರೆ ಮೀಟರು ಸೊನ್ನೆ ತೋರಿಸುತ್ತದೆ. ಮಂಡಲ ನಿಯಮ ಅವನ ಕೈಯಲ್ಲಿದೆ, ಹೆಸರು ಮಾತ್ರ ಗೊತ್ತಿಲ್ಲ. ನಮ್ಮ ಹುಡುಗರಿಗೆ ಹೆಸರು ಮಾತ್ರ ಗೊತ್ತು.

ಇದೇ ಸೊನ್ನೆ ಜೀವವನ್ನೂ ಕಾಯುತ್ತದೆ. ಮೀಟರ್ ಬೋರ್ಡಿನ ಆರ್‌ಸಿಸಿಬಿಯಲ್ಲಿ ಫೇಸ್, ನ್ಯೂಟ್ರಲ್ ಎರಡೂ ಒಂದೇ ಬಳೆಯ ಮೂಲಕ ಹಾಯುತ್ತವೆ. ಹೋದದ್ದೂ ಬಂದದ್ದೂ ಸಮವಾಗಿದ್ದರೆ ಬಳೆಯಲ್ಲಿ ಕ್ಷೇತ್ರ ಇಲ್ಲ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಮೈಯೊಳಗಿಂದ ಒಂದಿಷ್ಟು ಪ್ರವಾಹ ನೆಲಕ್ಕಿಳಿದರೆ ಲೆಕ್ಕ ತಪ್ಪುತ್ತದೆ, ಬಳೆಯಲ್ಲಿ ಕ್ಷೇತ್ರ ಏಳುತ್ತದೆ, ಕರೆಂಟು ಕಡಿಯುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವಂಥದ್ದು 30 ಮಿಲಿಆಂಪಿಯರಿನ ಸೋರಿಕೆಗೇ ಕಡಿಯುತ್ತದೆ. ಅದು ಪದೇಪದೇ ಬೀಳುತ್ತದೆಂದು ಬೇಸತ್ತು ತೆಗೆಸಿಹಾಕುವ ಮನೆಗಳಿವೆ. ಆ ಮನೆಯಲ್ಲೇ ಭೌತವಿಜ್ಞಾನಕ್ಕೆ ನೂರಕ್ಕೆ ತೊಂಬತ್ತು ತೆಗೆದ ಮಗನೋ ಮಗಳೋ ಇರುತ್ತಾರೆ. ‘ಬೇಡಪ್ಪಾ, ಇದು ಬೀಳುವುದೇ ನಮ್ಮನ್ನು ಉಳಿಸಲಿಕ್ಕೆ’ ಎಂದು ಹೇಳಲಾಗದ ತೊಂಬತ್ತು ಅಂಕ ಯಾವ ಪುರುಷಾರ್ಥಕ್ಕೆ?

‘ನಿಮ್ಮದೆಲ್ಲ ಸರಿ, ಆದರೆ ಸಮಯ ಎಲ್ಲಿದೆ?’ ಎನ್ನುವವರಿದ್ದಾರೆ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ರೇಷ್ಮೆ ಎಳೆಯ ಕಥೆ ನೆನೆಯುತ್ತಾ ಕೂತರೆ ಸೀಟು ಹೋಗುತ್ತದೆ. ಒಪ್ಪುತ್ತೇನೆ. ಸೂತ್ರ ಬೇಕು, ಬಾಯಿಗೆ ಬರಲೂ ಬೇಕು. ಆದರೆ ಎರಡು ವರ್ಷದ ಓದನ್ನು 80 ನಿಮಿಷದ ಅಚ್ಚಿಗೆ ಸುರಿಯಬೇಕೆಂದು ಯಾರು ಹೇಳಿದರು? ದಾರದ ಉದ್ದವನ್ನು ಅರಿತವನಿಗೆ ಸೂತ್ರ ಮರೆತರೂ ಮತ್ತೆ ಹುಟ್ಟಿಸಿಕೊಳ್ಳಬಹುದು. ಬಾಯಿಪಾಠದವನು ‘ಟೂ ಪೈ ಆರ್’ ಇತ್ತೋ ‘ಫೋರ್ ಪೈ ಆರ್’ ಇತ್ತೋ ಎಂದು ಪರೀಕ್ಷೆಯಲ್ಲೇ ಬೆವರುತ್ತಾನೆ.

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಏಕೆ ಎಂದು ಕೇಳುವ ಗೆಳೆಯರಿಗೂ ಒಂದು ಮಾತು. ಕವಿತೆಯನ್ನು ಸಾರಾಂಶಕ್ಕೆ ಇಳಿಸುವುದನ್ನು ನೀವು ದಶಕಗಳಿಂದ ವಿರೋಧಿಸುತ್ತಾ ಬಂದಿದ್ದೀರಿ. ಬರೀ ಸೂತ್ರ ಕೊಡುವುದೂ ಸಾರಾಂಶ ಕೊಟ್ಟ ಹಾಗೆಯೇ. ‘ನಮಗೆ ಗಣಿತ ಆಗಿಬರುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಬಿಟ್ಟು, ಒಂದು ವಾಕ್ಯವನ್ನು ಹೇಗೆ ಓದಬೇಕೆಂಬ ನಿಮ್ಮ ವಿದ್ಯೆಯನ್ನು ಈ ಕಡೆಗೂ ದಾಟಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ತರಗತಿಗೆ ಹತ್ತು ದಿಕ್ಸೂಚಿ. ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ: ಸೂತ್ರವನ್ನು ಮುದ್ರಿಸಿ ಕೊಟ್ಟುಬಿಡಿ, ಬಾಯಿಪಾಠದ ಗೊಡವೆಯೇ ಬೇಡ. ಅದರ ಕೆಳಗೆ ಕನ್ನಡದ ಮೇಷ್ಟರು ಕೇಳುವುದನ್ನೇ ಕೇಳಿ. ಈ ಸೂತ್ರದ ಸಂದರ್ಭ ಯಾವುದು, ಸ್ವಾರಸ್ಯವೇನು, ಯಾವ ಕಡೆ ಇದನ್ನು ಬಳಸಕೂಡದು?