ಕಾರ್ನಾಡರ ಇನ್ನೊಂದು ವೃತ್ತಿ

ಗಿರೀಶ ಕಾರ್ನಾಡರ ಬಗ್ಗೆ ಕನ್ನಡದಲ್ಲಿ ಬಂದಿರುವ ವಿಮರ್ಶೆಯ ರಾಶಿಯಲ್ಲಿ ಅವರ ನಟನೆಗೆ ದೊರೆತಿರುವ ಜಾಗ ತೀರ ಚಿಕ್ಕದು. ‘ತುಘಲಕ್’ ಕುರಿತು ಎಷ್ಟೋ ಪ್ರಬಂಧಗಳಿವೆ. ‘ಹಯವದನ’ದ ಮುಖವಾಡಗಳ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ವಿಚಾರಸಂಕಿರಣಗಳು ನಡೆಯುತ್ತವೆ. ಆದರೆ ಸುಮಾರು ಐದು ದಶಕಗಳ ಕಾಲ, ಕನ್ನಡದಿಂದ ಹಿಂದಿಯವರೆಗೆ ಹಲವು ಭಾಷೆಗಳಲ್ಲಿ ಅವರು ಕ್ಯಾಮೆರಾದ ಮುಂದೆ ನಿಂತದ್ದನ್ನು ನಾವು ‘ಹೊಟ್ಟೆಪಾಡು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಚೆನ್ನೈಯಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಅನೇಕರಿಗೆ ಅವರು 1994ರ ‘ಕಾದಲನ್’ ಚಿತ್ರದ ಖಳ ರಾಜ್ಯಪಾಲ, ‘ಮಿನ್ಸಾರ ಕನವು’ ಚಿತ್ರದ ನಾಯಕಿಯ ತಂದೆ. ಅವರು ನಾಟಕಕಾರರೆಂದೂ ಜ್ಞಾನಪೀಠ ಪುರಸ್ಕೃತರೆಂದೂ ಹೇಳಿದರೆ ಆಶ್ಚರ್ಯಪಡುತ್ತಾರೆ. ಈ ಎರಡು ತಿಳಿವಳಿಕೆಗಳೂ ಅರ್ಧರ್ಧವೇ. ತಮಿಳು ಪ್ರೇಕ್ಷಕನ ಅರ್ಧವನ್ನು ಕ್ಷಮಿಸಬಹುದು; ಆತನಿಗೆ ಕನ್ನಡ ಬಾರದು. ನಮ್ಮ ಅರ್ಧಕ್ಕೆ ಅಂಥ ನೆಪವಿಲ್ಲ.

ಕಾರ್ನಾಡರೊಳಗಿನ ನಟ ರೂಪುಗೊಂಡದ್ದು ಬಹುಮಟ್ಟಿಗೆ ಇದೇ ಊರಿನಲ್ಲಿ ಎಂಬುದನ್ನು ಮೊದಲು ನೆನೆಯಬೇಕು. ಆಕ್ಸ್‌ಫರ್ಡ್‌ನಿಂದ ಮರಳಿದ ಅವರು 1963ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಸೇರಿ 1970ರವರೆಗೆ ಅಲ್ಲಿ ನೌಕರಿ ಮಾಡಿದರು. ಹಗಲು ಕಚೇರಿ, ಉಳಿದ ಹೊತ್ತಿನಲ್ಲಿ ಬರವಣಿಗೆ ಮತ್ತು ರಂಗಭೂಮಿ. 1955ರಲ್ಲಿ ಹುಟ್ಟಿದ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡ ಇಂಗ್ಲಿಷ್ ನಾಟಕಗಳನ್ನು ಆಡುತ್ತಿತ್ತು. ಕಾರ್ನಾಡರು ಅದರಲ್ಲಿ ಬೆರೆತರು. 1964ರಲ್ಲಿ ‘ತುಘಲಕ್’ ಪ್ರಕಟವಾಯಿತು. ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಾವಳಿ ಜಾರಿಗೆ ಬಂದದ್ದೂ ಅದೇ 1964ರಲ್ಲಿ ಎಂಬುದು, ಆ ನಿಯಮಾವಳಿಯ ನೆರಳಿನಲ್ಲಿ ಬದುಕುವ ನನ್ನಂಥವನಿಗೆ ಮಾತ್ರ ಹೊಳೆಯುವ ಕಾಕತಾಳೀಯವಿರಬಹುದು.

ಆಗಿನ ಮದ್ರಾಸಿನಲ್ಲಿ ಕನ್ನಡ ಸಿನಿಮಾದ ಒಂದು ಪ್ರಪಂಚವೇ ಇತ್ತು. ನಮ್ಮ ಚಿತ್ರಗಳ ಬಹುಭಾಗ ಕೋಡಂಬಾಕ್ಕಂ ಸುತ್ತಮುತ್ತಲಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿತ್ತು. ರಾಜ್‌ಕುಮಾರ್ ಅವರ ಸಂಸಾರ ಈ ಊರಿನಲ್ಲೇ ನೆಲೆಸಿತ್ತು. ‘ಸಂಸ್ಕಾರ’ ಹುಟ್ಟಿದ್ದು ಆ ಪ್ರಪಂಚದಲ್ಲಲ್ಲ, ಅದಕ್ಕೆ ಕೆಲವೇ ಮೈಲಿ ದೂರದ, ಅದರೊಡನೆ ಹೆಚ್ಚು ಮಾತುಕತೆಯಿಲ್ಲದ ಇನ್ನೊಂದು ಬಳಗದಲ್ಲಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಮದ್ರಾಸ್ ಪ್ಲೇಯರ್ಸ್‌ನ ಕಲಾವಿದೆ. ಕಲಾನಿರ್ದೇಶಕ ಎಸ್. ಜಿ. ವಾಸುದೇವ್ ಚೋಳಮಂಡಲ ಕಲಾಗ್ರಾಮದಿಂದ ಬಂದವರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದವರು ಪ್ರಕಾಶನಸಂಸ್ಥೆಯೊಂದರ ನೌಕರ. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದ ಈ ಚಿತ್ರವೇ ಅನಂತರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರವಾದ ಮೊದಲ ಕನ್ನಡ ಚಿತ್ರವಾಯಿತು.

ಪ್ರಾಣೇಶಾಚಾರ್ಯನನ್ನು ಈಗ ಮತ್ತೆ ನೋಡಿದರೆ ಗಮನಕ್ಕೆ ಬರುವುದು ಅಭಿನಯದ ಸಂಯಮ. ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿದೆ. ಸಂಸ್ಕಾರ ಮಾಡುವವರು ಯಾರು ಎಂಬುದಕ್ಕೆ ತಾಳೆಗರಿಯಲ್ಲಿ ಉತ್ತರವಿಲ್ಲ. ಈ ಸಂಕಟವನ್ನು ಕಾರ್ನಾಡರು ಮುಖ ಕಿವಿಚಿ ತೋರಿಸುವುದಿಲ್ಲ. ಓದುತ್ತ ಕುಳಿತವನ ಬೆನ್ನು, ಪುಟ ತಿರುವುವ ಕೈ, ಮಾತು ಆರಂಭಿಸುವ ಮೊದಲಿನ ತಡೆ, ಇಷ್ಟರಲ್ಲೇ ಆಚಾರ್ಯನ ಪಾಂಡಿತ್ಯವೂ ಅದರ ಸೋಲೂ ಕಾಣಿಸುತ್ತವೆ. ತಾನೇ ಬರೆದ ಚಿತ್ರಕಥೆಯಾದ್ದರಿಂದ ಎಲ್ಲಿ ಮಾತು ಬೇಕಿಲ್ಲವೆಂಬುದು ಅವರಿಗೆ ತಿಳಿದಿತ್ತು. ಇದನ್ನು ನಾನು ಓದುಗನ ನಟನೆ ಎಂದು ಕರೆಯುತ್ತೇನೆ: ಪಾತ್ರವನ್ನು ಮೊದಲು ಅರ್ಥಮಾಡಿಕೊಂಡು, ಆ ಅರ್ಥ ಕೆಡದಂತೆ ಮೈಯನ್ನು ಬಳಸುವ ಬಗೆ. ರಂಗದ ಮೇಲೆ ಅಬ್ಬರಿಸುವ ಪ್ರತಿಭೆ ಇದಲ್ಲ. ಹಾಗೆಂದು ಇದು ಕಡಿಮೆಯದೂ ಅಲ್ಲ.

1970ರಲ್ಲಿ ಅವರು ನೌಕರಿ ಬಿಟ್ಟರು. ಹೋಮಿ ಭಾಭಾ ಫೆಲೋಶಿಪ್ ಎರಡು ವರ್ಷ ನೆರವಾಯಿತು. 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಆ ಹುದ್ದೆಯಿಂದ ಹೊರಬಂದರು. ಶ್ಯಾಮ್ ಬೆನಗಲ್‌ರ ‘ನಿಶಾಂತ್’ ಮತ್ತು ‘ಮಂಥನ್’ ಬಂದದ್ದು ಈ ಘಟ್ಟದಲ್ಲಿ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ‘ಮಂಥನ್’ನಲ್ಲಿ ಅವರದು ಪಶುವೈದ್ಯ ಡಾ. ರಾವ್ ಪಾತ್ರ. ಸಹಕಾರ ಸಂಘ ಕಟ್ಟಲು ಬಂದ ಅಧಿಕಾರಿ, ಕೆಲಸ ಪೂರೈಸುವ ಮೊದಲೇ ಊರು ಬಿಟ್ಟು ಹೋಗಬೇಕಾಗುತ್ತದೆ. ವರ್ಗಾವಣೆಯ ಆದೇಶ ಎಂದರೆ ಏನೆಂದು ಬಲ್ಲ ಯಾವ ನೌಕರನೂ ಆ ಕೊನೆಯ ಭಾಗದಲ್ಲಿ ಡಾ. ರಾವ್ ಮುಖದ ಮೇಲಿರುವುದನ್ನು ನಟನೆ ಎಂದು ಹೇಳಲಾರ. ಒಳ್ಳೆಯ ಉದ್ದೇಶದ ವಿದ್ಯಾವಂತ, ತಾನು ಹೊರಗಿನವನೆಂಬ ಅರಿವಿನಿಂದ ಬಿಡುಗಡೆಯಿಲ್ಲದವ: ಭಾರತೀಯ ಸಿನಿಮಾದಲ್ಲಿ ಈ ಮನುಷ್ಯನನ್ನು ಕಾರ್ನಾಡರಷ್ಟು ನಿಖರವಾಗಿ ತೋರಿಸಿದವರು ವಿರಳ.

ದೂರದರ್ಶನ ಅವರನ್ನು ಮನೆಮನೆಗೆ ತಂದಿತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ವಕೀಲ ತಂದೆಯಾದರು. ಮೂಲ ಲೇಖಕ ಆರ್. ಕೆ. ನಾರಾಯಣ್ ಹುಟ್ಟಿದ್ದು ಮದ್ರಾಸಿನಲ್ಲಿ. ಆ ಧಾರಾವಾಹಿಯ ಮರೆಯಲಾಗದ ಸ್ವರಗಳನ್ನು ಕಟ್ಟಿದ ಎಲ್. ವೈದ್ಯನಾಥನ್ ಕೂಡ ಇಲ್ಲಿಯವರೇ. ನನ್ನ ತಲೆಮಾರಿನವರಿಗೆ ಕಾರ್ನಾಡರ ಮೊದಲ ಪರಿಚಯ ಆ ತಂದೆಯ ಮೂಲಕ. ಗದರುವ, ಆದರೆ ಗದರಿದ ಮೇಲೆ ಕನ್ನಡಕದ ಹಿಂದೆ ತುಸು ಅಳುಕುವ ಅಪ್ಪ. 90ರ ದಶಕದಲ್ಲಿ ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿಯೂ ಅವರನ್ನು ಕಂಡೆವು. ಕಾರ್ನಾಡರ ನಾಟಕವೊಂದನ್ನೂ ಓದದ ಲಕ್ಷಾಂತರ ಮಂದಿ ಅವರ ಧ್ವನಿಯನ್ನು ನಂಬಿದ್ದರು.

ಇನ್ನು ಆಕ್ಷೇಪಕ್ಕೆ ಬರೋಣ. ಅವರು ಒಪ್ಪಿಕೊಂಡ ಪಾತ್ರಗಳೆಲ್ಲ ಇಂಥವಲ್ಲ. ನಾಯಕಿಯ ಸಿರಿವಂತ ತಂದೆ, ಕಟ್ಟುನಿಟ್ಟಿನ ಅಧಿಕಾರಿ, ಸೂಟು ತೊಟ್ಟ ದುಷ್ಟ, ಇವು ಮತ್ತೆ ಮತ್ತೆ ಬಂದವು. ಎಷ್ಟೋ ಕಡೆ ಅವರಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. ‘ತುಘಲಕ್’ ಬರೆದವರು ಇದರಲ್ಲಿ ಕಾಲ ಕಳೆಯಬೇಕಿತ್ತೇ ಎಂದು ಕೇಳುವವರ ಕಾಳಜಿ ಸುಳ್ಳಲ್ಲ. ಆದರೆ ಕಾರ್ನಾಡರು ಹಣಕ್ಕಾಗಿ ನಟಿಸುತ್ತೇನೆ ಎಂಬುದನ್ನು ಎಂದೂ ಮುಚ್ಚಿಡಲಿಲ್ಲ. ಕನ್ನಡ ನಾಟಕ ಬರೆದು ಅದರ ಗೌರವಧನದಲ್ಲಿ ಸಂಸಾರ ನಡೆಸಬಲ್ಲ ಲೇಖಕನನ್ನು ನಮ್ಮ ಸಮಾಜ ಇನ್ನೂ ಸೃಷ್ಟಿಸಿಲ್ಲ. ಹಾಗಾಗಿ ನಮ್ಮಲ್ಲಿ ಬಹುಪಾಲು ಲೇಖಕರು ಅಧ್ಯಾಪಕರು, ಬ್ಯಾಂಕ್ ನೌಕರರು, ಗುಮಾಸ್ತರು. ಕಾಲೇಜಿನ ಸಂಬಳವನ್ನು ಯಾರೂ ಪ್ರಶ್ನಿಸುವುದಿಲ್ಲ. ಸಿನಿಮಾದ ಸಂಬಳ ಮಾತ್ರ ಮೈಲಿಗೆ. ಇದು ಸಾಹಿತ್ಯದ ವಿವೇಕವಲ್ಲ. ಮಡಿಯ ಇನ್ನೊಂದು ರೂಪ.

ಈ ಮಡಿಯ ಬಗ್ಗೆ ಅವರಿಗೇ ಹೇಳುವುದಿತ್ತು ಎಂಬುದಕ್ಕೆ ‘ಅಗ್ನಿ ಮತ್ತು ಮಳೆ’ ಸಾಕ್ಷಿ. ‘ಕಾದಲನ್’ ತೆರೆಕಂಡ ಅದೇ ದಶಕದ ನಾಟಕವಿದು. ಅಲ್ಲಿ ಬ್ರಾಹ್ಮಣ ಕುಲದ ಅರವಸುವಿಗೆ ನಟನಾಗುವ ಆಸೆ. ನಟನೆ ಕೀಳೆಂದು ಕುಲ ಅದನ್ನು ನಿಷೇಧಿಸಿದೆ. ವೇದ ಬಲ್ಲವರು ಯಜ್ಞಶಾಲೆಯ ಒಳಗೆ ದ್ವೇಷ ಕಾಯುತ್ತ ಕುಳಿತಿರುವಾಗ, ಹೊರಗೆ ವೇಷ ಹಾಕಿದ ಹುಡುಗನಿಂದ ಕತೆಗೆ ಬಿಡುಗಡೆಯ ದಾರಿ ತೆರೆಯುತ್ತದೆ. ಅವನು ಧರಿಸುವುದು ವೃತ್ರಾಸುರನ ಮುಖವಾಡ. ಖಳನ ಪಾತ್ರ ಅವನನ್ನೇ ಆವರಿಸುತ್ತದೆ. ಖಳಪಾತ್ರಗಳ ವೇಷ ಹಾಕಿ ಅನುಭವವಿದ್ದ ನಾಟಕಕಾರ ಇದನ್ನು ಬರೆದದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಾಗೆಯೇ 2005ರ ‘ಒಡಕಲು ಬಿಂಬ’ ನಡೆಯುವುದು ದೂರದರ್ಶನದ ಸ್ಟುಡಿಯೋದಲ್ಲಿ. ಇಂಗ್ಲಿಷ್ ಕಾದಂಬರಿಯಿಂದ ಪ್ರಸಿದ್ಧಳಾದ ಕನ್ನಡ ಲೇಖಕಿಯನ್ನು ಪರದೆಯ ಮೇಲಿನ ಅವಳದೇ ಬಿಂಬ ಪಾಟೀಸವಾಲಿಗೆ ಗುರಿಮಾಡುತ್ತದೆ. ಕ್ಯಾಮೆರಾದ ಮುಂದೆ ವರ್ಷಗಟ್ಟಲೆ ಕುಳಿತು, ಪರದೆಯ ಮೇಲಿನ ತನ್ನನ್ನು ಬೇರೆಯವನಂತೆ ನೋಡಿ ರೂಢಿಯಿದ್ದವರಿಗೆ ಮಾತ್ರ ಸುಲಭವಾಗಿ ಹೊಳೆಯುವ ರಂಗತಂತ್ರ ಅದು. ನಟನೆ ನಾಟಕವನ್ನು ತಿಂದುಹಾಕಿತು ಎನ್ನುವವರು ಈ ಎರಡನ್ನು ಎಲ್ಲಿಡುತ್ತಾರೆ?

ಸಂಬಳದ ವಿಷಯದಲ್ಲಿ ಇನ್ನೊಂದು ಮಾತಿದೆ. ನನ್ನ ನೌಕರಿಯ ನಿಯಮಗಳು ಸಾಹಿತ್ಯಕ ಬರವಣಿಗೆಗೆ ಅಡ್ಡಿ ಮಾಡುವುದಿಲ್ಲ. ಸರ್ಕಾರದ ನೀತಿಯನ್ನು ಟೀಕಿಸುವುದಕ್ಕೆ ಮಾತ್ರ ತಡೆ. ಆ ಗೆರೆ ಎಲ್ಲಿದೆ ಎಂದು ತಿಳಿದು ಬರೆಯುವುದು ನಮಗೆ ಅಭ್ಯಾಸವಾಗಿದೆ, ಕ್ರಮೇಣ ಗೆರೆ ನಮ್ಮೊಳಗೇ ಮೂಡಿಬಿಡುತ್ತದೆ. ಕಾರ್ನಾಡರೂ ಸಾರ್ವಜನಿಕ ಹುದ್ದೆಗಳಲ್ಲಿದ್ದವರೇ. ಆದರೆ ಯಾವುದಕ್ಕೂ ಅಂಟಿಕೊಳ್ಳಬೇಕಾದ ಅನಿವಾರ್ಯ ಅವರಿಗಿರಲಿಲ್ಲ. 2018ರಲ್ಲಿ ಗೌರಿ ಲಂಕೇಶರ ನೆನಪಿನ ಸಭೆಗೆ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ, ಕೊರಳಲ್ಲಿ ಪ್ರತಿಭಟನೆಯ ಫಲಕ ತೂಗಿಕೊಂಡು ಬಂದರು. ಅವರ ನಿಲುವುಗಳನ್ನು ಒಪ್ಪದವರು ಬಹಳ ಮಂದಿ ಇದ್ದರು, ಇದ್ದಾರೆ. ಆದರೆ ಆ ನಿಲುವಿಗೆ ಬೇಕಾದ ಸ್ವಾತಂತ್ರ್ಯದ ಒಂದು ಪಾಲನ್ನಾದರೂ ನಾವು ಹಗುರವಾಗಿ ಕಾಣುವ ಆ ಪಾತ್ರಗಳೇ ಗಳಿಸಿಕೊಟ್ಟವು ಎಂಬುದನ್ನು ಒಪ್ಪಬೇಕು.

2019ರ ಜೂನ್ 10ರಂದು ಅವರು ತೀರಿಕೊಂಡಾಗ ತಮಿಳು ಪತ್ರಿಕೆಗಳು ನಟನನ್ನೂ ಕನ್ನಡ ಪತ್ರಿಕೆಗಳು ನಾಟಕಕಾರನನ್ನೂ ಮುಂದಿಟ್ಟು ದುಃಖಿಸಿದ್ದು ಸಹಜವೇ. ಈಗ ಆ ಎರಡನ್ನೂ ಜೊತೆಗಿಟ್ಟು ನೋಡುವ ಕೆಲಸ ಬಾಕಿ ಇದೆ. ಅದಕ್ಕೆ ಎರಡೂ ಭಾಷೆಗಳ ನಡುವೆ ದಿನ ಕಳೆಯುವ ಚೆನ್ನೈ ಕನ್ನಡಿಗರಿಗಿಂತ ತಕ್ಕವರು ಯಾರು? ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಸಂಜೆ ‘ಸಂಸ್ಕಾರ’ವನ್ನು, ಇನ್ನೊಂದು ಸಂಜೆ ‘ಕಾದಲನ್’ ಚಿತ್ರವನ್ನು ನೋಡಿ, ಮೂರನೆಯ ಸಂಜೆ ‘ಅಗ್ನಿ ಮತ್ತು ಮಳೆ’ಯನ್ನು ಗಟ್ಟಿಯಾಗಿ ಓದಬಹುದು. ಎರಡನೆಯ ಸಂಜೆಗೆ ನೆರೆಮನೆಯ ತಮಿಳರನ್ನೂ ಕರೆಯಬೇಕು. ಆ ರಾಜ್ಯಪಾಲನ ಬಗ್ಗೆ ಅವರಿಗೆ ನಮಗಿಂತ ಹೆಚ್ಚು ಗೊತ್ತು.